ಹೊಸಹೊಳಲಿನ ಕಂಬ, ಹಲಸಿನ ಸ್ಟೂಲು ಮತ್ತು ಇಂಗ್ಲಿಷ್ ಪ್ರಶ್ನೆಪತ್ರಿಕೆ

ಕೆ.ಆರ್.ಪೇಟೆ ಕಡೆಯ ಹುಡುಗನೊಬ್ಬ ನನಗೆ ಪರಿಚಯ. ದ್ವಿತೀಯ ಪಿಯು ಓದ್ತಿದ್ದಾನೆ, ಅಪ್ಪ ಮರಗೆಲಸ ಮಾಡ್ತಾರೆ. ಮೊನ್ನೆ ಸಿಕ್ಕಾಗ ಒಂದು ನೋಟ್‌ಬುಕ್, ಹಲಸಿನ ಮರದ ಸ್ಟೂಲು, ಹಳೇ ಲ್ಯಾಪ್‌ಟಾಪ್ ಮುಂದಿಟ್ಟು ಕೇಳಿದ: "ಅಣ್ಣ, ಡಿಸೈನ್ ಓದ್ಬೇಕು ಅಂತಿದೀನಿ. ಇದೆಲ್ಲ ಲೆಕ್ಕಕ್ಕೆ ಬರುತ್ತಾ?"

ಬರಬೇಕು. ಯಾಕೆ ಅನ್ನೋದನ್ನ ಅವನ ಕೆಲಸದಿಂದಲೇ ಹೇಳ್ತೀನಿ.

ನೋಟ್‌ಬುಕ್‌ನಲ್ಲಿದ್ದದ್ದು ಹೊಸಹೊಳಲಿನ ಲಕ್ಷ್ಮೀನಾರಾಯಣ ದೇವಸ್ಥಾನದ ಕಂಬ. 13ನೇ ಶತಮಾನದ ಹೊಯ್ಸಳ ದೇಗುಲ ಅದು. ಒಳಗಿನ ಕಂಬಗಳು ಲೇತ್‌ನಲ್ಲಿ ತಿರುಗಿಸಿ ರೂಪ ಕೊಟ್ಟಂಥವು. ಅವನು ಕಂಬದ ಅರ್ಧ ಅಂಚನ್ನಷ್ಟೇ ಬರೆದಿದ್ದ. ಅಷ್ಟು ಸಾಕು. ಫ್ರೀಕ್ಯಾಡ್ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಆ ಗೆರೆಯನ್ನು ನಡುವಿನ ಅಕ್ಷದ ಸುತ್ತ 360 ಡಿಗ್ರಿ ತಿರುಗಿಸಿದರೆ ಇಡೀ ಕಂಬ ಎದ್ದು ನಿಲ್ಲುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದವರು ಮಾಡೋದೂ ಇದನ್ನೇ: ಮರ ತಿರುಗುತ್ತದೆ, ಉಳಿ ಅಂಚನ್ನು ಬರೆಯುತ್ತದೆ. ನಾನು ಇಂಜಿನಿಯರಿಂಗ್ ಮೊದಲ ವರ್ಷದಲ್ಲಿ ಇದನ್ನು ಬರೀ ಒಂದು ಕಮಾಂಡ್ ಅಂತ ಬಾಯಿಪಾಠ ಮಾಡಿ ಪಾಸಾಗಿದ್ದೆ.

ಇನ್ನು ಸ್ಟೂಲಿನ ಕತೆ. ಕಂಪ್ಯೂಟರ್ ಮಾಡೆಲ್‌ನಲ್ಲಿ ಎಲ್ಲ ಕೂಡಿಕೆಯೂ ಕರಾರುವಾಕ್ಕು, ಕೂದಲೆಳೆಯಷ್ಟೂ ಸಂದಿಲ್ಲ. ಅದರಂತೆ ಮಾಡಿದ ಮೊದಲ ಸ್ಟೂಲಿನ ಹಲಗೆ ಬೇಸಿಗೆಯಲ್ಲಿ ಸೀಳಿತು. "ಮರ ಉಸಿರಾಡ್ತದೆ ಕಣ್ಲಾ, ಜಾಗ ಬಿಡು" ಅಂದರಂತೆ ಅಪ್ಪ. ಮರ ಮಳೆಗಾಲದ ತೇವಕ್ಕೆ ಹಿಗ್ಗುತ್ತದೆ, ಒಣಗಿದಾಗ ಕುಗ್ಗುತ್ತದೆ. ಅದೂ ನಾರಿನ ಉದ್ದಕ್ಕೆ ಅಷ್ಟೇನಿಲ್ಲ, ಅಡ್ಡಕ್ಕೆ ಜಾಸ್ತಿ. ಎರಡೂ ಕಡೆ ಬಿಗಿದರೆ ಅದಕ್ಕೆ ಹೋಗಲು ದಾರಿಯಿಲ್ಲ, ಸೀಳುತ್ತದೆ. ನಾವು ಹೇಳದ ಹೊರತು ಇದು ಸಾಫ್ಟ್‌ವೇರ್‌ಗೆ ಗೊತ್ತಾಗಲ್ಲ. ಹುಡುಗ ಸ್ಕ್ರೂ ತೂತುಗಳನ್ನು ಅಡ್ಡಕ್ಕೆ ಉದ್ದ ಮಾಡಿ, ಮಾಡೆಲ್ ತಿದ್ದಿ, ಇನ್ನೊಂದು ಸ್ಟೂಲು ಮಾಡಿದ. ಬರೆಯೋದು, ಮಾಡೋದು, ಕೆಟ್ಟದ್ದನ್ನು ತಿದ್ದೋದು. ಡಿಸೈನ್ ಅಂದರೆ ಇದೇ.

ಈ ಭಾಗಕ್ಕೆ ಇದು ಹೊಸದೂ ಅಲ್ಲ. ಶ್ರೀರಂಗಪಟ್ಟಣದಲ್ಲಿ 1784ರ ದರಿಯಾ ದೌಲತ್ ಇದೆ: ತೇಗದ ಕಂಬಗಳು, ಗೋಡೆ ತುಂಬ ಚಿತ್ರ. ನಾಗಮಂಗಲ ಲೋಹದ ಎರಕಕ್ಕೆ ಹೆಸರುವಾಸಿ. ಪಾಂಡವಪುರ ತಾಲೂಕಿನ ಮೇಲುಕೋಟೆಯಲ್ಲಿ ಮರದ ತೇರುಗಳಿವೆ. 1958ರಲ್ಲಿ ಅಮೆರಿಕದ ಡಿಸೈನರ್ ದಂಪತಿ ಚಾರ್ಲ್ಸ್ ಮತ್ತು ರೇ ಈಮ್ಸ್ ಭಾರತ ಸರ್ಕಾರಕ್ಕೆ ಕೊಟ್ಟ ವರದಿ, ಒಳ್ಳೆ ಡಿಸೈನ್‌ಗೆ ಮಾದರಿಯಾಗಿ ಎತ್ತಿ ಹಿಡಿದದ್ದು ನಮ್ಮ ಮನೆಯ ಚೊಂಬನ್ನು. ಆ ವರದಿಯ ಹಿಂದೆಯೇ 1961ರಲ್ಲಿ ಅಹಮದಾಬಾದ್‌ನ ರಾಷ್ಟ್ರೀಯ ಡಿಸೈನ್ ಸಂಸ್ಥೆ ಹುಟ್ಟಿತು.

ಚೊಂಬು ಮಾಡಿದವರ ಮಕ್ಕಳಿಗೆ ಅಂಥ ಕಡೆ ಸೀಟು ಸಿಗುತ್ತಾ ಅನ್ನೋದು ಪ್ರಶ್ನೆ. ಐಐಟಿ ಬಾಂಬೆ ನಡೆಸುವ ಯುಸೀಡ್ ಪರೀಕ್ಷೆಯನ್ನು ಪಿಯು ಯಾವ ವಿಭಾಗದವರೂ ಬರೆಯಬಹುದು. ಕಂಪ್ಯೂಟರ್‌ನಲ್ಲಿ ಒಂದು ಭಾಗ, ಕೈಯಲ್ಲಿ ಚಿತ್ರ ಬರೆಯುವುದು ಇನ್ನೊಂದು. ಆದರೆ ಪ್ರಶ್ನೆಪತ್ರಿಕೆ ಇಂಗ್ಲಿಷ್‌ನಲ್ಲಿ. ಮರದ ಗುಣ ಕೈಯಲ್ಲೇ ಗೊತ್ತಿರುವ ಹುಡುಗ ಪ್ರಶ್ನೆಯ ವಾಕ್ಯ ಅರ್ಥವಾಗದೆ ಸೋತರೆ ಪರೀಕ್ಷೆ ಅಳೆದದ್ದು ಏನನ್ನು?

ಕೇಳಬೇಕಾದ್ದು ಎರಡು. ಪ್ರಶ್ನೆಪತ್ರಿಕೆ ಕನ್ನಡದಲ್ಲೂ ಇರಲಿ. ಸರ್ಕಾರಿ ಐಟಿಐ, ಪಾಲಿಟೆಕ್ನಿಕ್‌ಗಳ ವರ್ಕ್‌ಶಾಪ್ ಮತ್ತು ಕಂಪ್ಯೂಟರ್‌ಗಳು ಶನಿವಾರ, ಭಾನುವಾರ ಪಿಯು ಮಕ್ಕಳಿಗೆ ತೆರೆದಿರಲಿ.

ಹೊರಡುವಾಗ ಹುಡುಗನಿಗೆ ಹೇಳಿದೆ: ಆ ಸೀಳಿದ ಸ್ಟೂಲನ್ನ ಒಲೆಗೆ ಹಾಕ್ಬೇಡ, ಫೋಟೋ ತೆಗೆದಿಡು, ಯಾಕೆ ಸೀಳಿತು ಅಂತ ಪಕ್ಕದಲ್ಲಿ ಬರಿ. "ಕನ್ನಡದಲ್ಲಿ ಬರೀಬಹುದಾ ಅಣ್ಣ?" ಅಂದ. ಮೊದಲು ಕನ್ನಡದಲ್ಲೇ ಬರಿ ಅಂದೆ.