ಅದು ಕರಪ್ಟ್ ಆಗಿಲ್ಲ, ನುಡಿ ಫೈಲ್!

ಹಳೇ ಕನ್ನಡ ಫೈಲ್ ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ ಕಾಣ್ತಿದೆಯಾ? ಡಿಲೀಟ್ ಮಾಡಬೇಡಿ.

ಮೈಸೂರಿನ ನಮ್ಮನೆಯಲ್ಲೂ ಹೀಗೇ ಆಯ್ತು. ಅಪ್ಪ ತೀರಿಕೊಂಡ ಮೇಲೆ ಅವರ ಪೆನ್‌ಡ್ರೈವ್‌ನಲ್ಲಿ ಬಾಲ್ಯದ ನೆನಪುಗಳನ್ನು ಟೈಪ್ ಮಾಡಿಟ್ಟಿದ್ದ ವರ್ಡ್ ಫೈಲ್ ಸಿಕ್ತು. ಕಂಪ್ಯೂಟರ್ ಅಂಗಡಿಯವರು ‘ಕರಪ್ಟ್ ಆಗಿದೆ’ ಅಂದುಬಿಟ್ಟರು. ಅಮ್ಮನ ಮುಖ ನೋಡಕ್ಕಾಗ್ಲಿಲ್ಲ.

ಆದರೆ ಫೈಲ್ ಕೆಟ್ಟಿರಲಿಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ಯ ಹಳೇ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೇ ಕನ್ನಡದ ಆಕಾರ ಕೂರಿಸಿದ್ದವು. ಫಾಂಟ್ ಇಲ್ಲದ ಕಂಪ್ಯೂಟರ್‌ಗೆ ಕಾಣೋದು ಇಂಗ್ಲಿಷೇ. ಯೂನಿಕೋಡ್‌ನಲ್ಲಿ 1991ರ ಮೊದಲ ಆವೃತ್ತಿಯಿಂದಲೇ ಕನ್ನಡಕ್ಕೆ ಸ್ವಂತ ಜಾಗ ಇದೆ. ಅದನ್ನು ಬಳಸೋಕೆ ನಾವೇ ತಡ ಮಾಡಿದ್ವಿ ಅನ್ನಿ!

ನುಡಿ ಹಾಕಿಕೊಂಡು ವರ್ಡ್‌ನಲ್ಲಿ ಫೈಲ್ ತೆರೆದೆ. ಅಪ್ಪನ ಊರು, ಕೆರೆ, ಮೇಷ್ಟ್ರು ಎಲ್ಲ ಎದ್ದು ಬಂದರು. ನಿಮಗೆ ಆಗಲೂ ಕಾಣದಿದ್ದರೆ ಎಲ್ಲ ಸೆಲೆಕ್ಟ್ ಮಾಡಿ, ನುಡಿ ಫಾಂಟ್ ಕೊಡಿ. ತುಂಗಾ ಕೊಟ್ಟರೆ ಬರಲ್ಲ, ಅದು ಯೂನಿಕೋಡ್ ಫಾಂಟ್.

ಫೋನ್‌ನಲ್ಲಿ ಓದಬೇಕಾದರೆ ಪರಿವರ್ತಕದಿಂದ ಯೂನಿಕೋಡ್‌ಗೆ ಬದಲಾಯಿಸಿ. ಮೂಲ ಫೈಲ್ ಹಾಗೇ ಇರಲಿ. ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ಎಡವುತ್ತವೆ, ಹೋಲಿಸಿ ತಿದ್ದೋಕೆ ಬೇಕು.

ಫೈಲ್ ಹೆಸರಿನ ಕೊನೆಗೆ ‘ಬಿಆರ್‌ಎಚ್’ ಇದ್ದರೆ ಅದು ‘ಬರಹ’ದ್ದು. ಅದಕ್ಕೆ ವರ್ಡ್ ಬೇಡ, ಬರಹಪ್ಯಾಡ್‌ನಲ್ಲೇ ತೆರೆಯಿರಿ.