ಮಕ್ಕಳ ಟಾನ್ಸಿಲ್ ಬಾಧೆ: ಅವಸರವೂ ಸಲ್ಲದು, ಉಪೇಕ್ಷೆಯೂ ಸಲ್ಲದು

ಬೆಂಗಳೂರಿನ ಪೂರ್ವ ದಿಕ್ಕಿನಲ್ಲಿ, ಹಳೆಯ ಮದರಾಸು ರಸ್ತೆಯೂ ಹೊರವರ್ತುಲ ರಸ್ತೆಯೂ ಕೂಡುವೆಡೆಯಲ್ಲಿ, ಟಿನ್ ಫ್ಯಾಕ್ಟರಿ ಎಂಬ ಬಸ್ ನಿಲ್ದಾಣವಿರುವುದು ನಗರವಾಸಿಗಳಿಗೆಲ್ಲ ತಿಳಿದ ಸಂಗತಿ. ಕೆ. ಆರ್. ಪುರದ ತೂಗುಸೇತುವೆಯನ್ನಿಳಿದು ಬರುವ ವಾಹನಗಳು ಇಲ್ಲಿ ತೆವಳುತ್ತ ಸಾಗುವುದೂ, ಧೂಳು ಹೊಗೆಗಳ ನಡುವೆ ಜನರು ಬಸ್ಸಿಗಾಗಿ ಕಾಯುವುದೂ ನಿತ್ಯದ ನೋಟ. ೨೦೨೩ರ ಅಕ್ಟೋಬರಿನಲ್ಲಿ ಬೆನ್ನಿಗಾನಹಳ್ಳಿಯ ಮೆಟ್ರೋ ನಿಲ್ದಾಣವು ತೆರೆದ ಬಳಿಕವೂ ಈ ಗುಂಪು ಕರಗಿಲ್ಲ. ಈ ಗುಂಪಿನಲ್ಲಿ, ಬೆಳಗಿನ ಎಂಟು ಗಂಟೆಯ ಹೊತ್ತಿಗೆ ತಾಯಿಯ ಹೆಗಲ ಮೇಲೆ ಬಾಯ್ದೆರೆದು ನಿದ್ದೆಹೋದ ನಾಲ್ಕೈದು ವರುಷದ ಮಕ್ಕಳನ್ನು ನಾವು ಕಾಣುತ್ತೇವೆ. ರಾತ್ರಿಯೆಲ್ಲ ಮಲಗಿದ್ದ ಮಗುವು ಬೆಳಗಾದ ಮೇಲೂ ಏತಕ್ಕೆ ತೂಕಡಿಸುತ್ತದೆ? ಅದಕ್ಕೆ ಕಾರಣಗಳು ಹಲವಿರಬಹುದು. ಅವುಗಳಲ್ಲಿ ಸುಲಭವಾಗಿ ಕಂಡುಹಿಡಿಯಬಹುದಾದ, ಆದರೆ ಬಹುಮಟ್ಟಿಗೆ ಉಪೇಕ್ಷಿತವಾದ ಒಂದನ್ನು ಕುರಿತು ವಾಚಕರಲ್ಲಿ ನಾಲ್ಕು ಮಾತು ಅರಿಕೆ ಮಾಡಬಯಸುತ್ತೇವೆ.

ಗಂಟಲಿನ ಇಕ್ಕೆಲಗಳಲ್ಲಿ, ಕಿರುನಾಲಿಗೆಯ ಆಚೀಚೆಗೆ ಇರುವ ಎರಡು ಗ್ರಂಥಿಗಳೇ ಟಾನ್ಸಿಲ್‌ಗಳು. ಮೂಗಿನ ಹಿಂಬದಿಯಲ್ಲಿ, ಕಣ್ಣಿಗೆ ಕಾಣದೆ ಇರುವ ಇಂಥದೇ ಇನ್ನೊಂದು ಗ್ರಂಥಿಗೆ ಅಡಿನಾಯ್ಡ್ ಎಂದು ಹೆಸರು. ಉಸಿರಿನೊಡನೆಯೂ ಅನ್ನದೊಡನೆಯೂ ಒಳಬರುವ ರೋಗಾಣುಗಳನ್ನು ಗುರುತಿಸಿ ಶರೀರವನ್ನು ಎಚ್ಚರಿಸುವುದು ಇವುಗಳ ಕೆಲಸ. ಎರಡು ಮೂರು ವರುಷದಿಂದ ಏಳೆಂಟು ವರುಷದವರೆಗೆ ಇವು ಹಿಗ್ಗುವುದು ಪ್ರಕೃತಿಸಹಜವಾದುದು. ಬಾಲ್ಯವು ಕಳೆದಂತೆ ಇವು ತಾವಾಗಿಯೇ ಕುಗ್ಗುತ್ತವೆ. ಈ ಬಾಧೆ ನಮ್ಮ ಹಿರಿಯರಿಗೆ ಹೊಸತೇನೂ ಅಲ್ಲ. ಸುಶ್ರುತ ಸಂಹಿತೆಯು ಬಾಯಿಯ ರೋಗಗಳ ಪ್ರಕರಣದಲ್ಲಿ ಹೇಳುವ ‘ತುಂಡಿಕೇರಿ’ಯನ್ನು ಇದೇ ಎಂದು ವೈದ್ಯರು ಗುರುತಿಸುತ್ತಾರೆ. ಆದುದರಿಂದ ಮಗುವು ಬಾಯ್ದೆರೆದಾಗ ಗಂಟಲಲ್ಲಿ ಎರಡು ಗುಂಡುಗಳು ಕಂಡ ಮಾತ್ರಕ್ಕೆ ತಂದೆತಾಯಿಗಳು ಕಂಗೆಡಬೇಕಾದುದಿಲ್ಲ. ದೊಡ್ಡದಾಗಿರುವುದೇ ರೋಗವಲ್ಲ.

ಈ ಸರಳ ಸತ್ಯವನ್ನು ಮರೆತುದರ ಫಲವನ್ನು ಪಶ್ಚಿಮದ ದೇಶಗಳು ಒಮ್ಮೆ ಉಂಡಿವೆ. ೧೯೩೪ರಲ್ಲಿ ಪ್ರಕಟವಾದ ಒಂದು ವಿಚಾರಣೆಯ ವೃತ್ತಾಂತವನ್ನು ಕೇಳಿರಿ. ನ್ಯೂಯಾರ್ಕ್ ನಗರದ ಶಾಲೆಗಳ ಹನ್ನೊಂದು ವರುಷದ ೧೦೦೦ ಮಕ್ಕಳನ್ನು ಪರೀಕ್ಷಿಸಲಾಗಿ, ನೂರಕ್ಕೆ ೬೧ ಮಂದಿಗೆ ಅದಾಗಲೇ ಟಾನ್ಸಿಲ್ ತೆಗೆಯಲಾಗಿತ್ತು. ಉಳಿದವರನ್ನು ವೈದ್ಯರಿಗೆ ತೋರಿಸಿದಾಗ ೧೭೪ ಮಂದಿಗೆ ಶಸ್ತ್ರಕ್ರಿಯೆ ಬೇಕೆಂದರು. ಬೇಡವೆನ್ನಿಸಿಕೊಂಡ ೨೧೫ ಮಂದಿಯನ್ನು ಬೇರೆ ವೈದ್ಯರಿಗೆ ತೋರಿಸಲಾಗಿ, ಅವರಲ್ಲಿಯೂ ೯೯ ಮಂದಿಗೆ ಬೇಕೆಂದಾಯಿತು. ಮೂರನೆಯ ಸಲ ತೋರಿಸಿದಾಗಲೂ ಸುಮಾರು ಅದೇ ಪ್ರಮಾಣ! ಮಗುವಿನ ಗಂಟಲಿಗಿಂತ ವೈದ್ಯರ ರೂಢಿಯೇ ಅಲ್ಲಿ ತೀರ್ಪು ಕೊಟ್ಟಿತ್ತೆಂಬುದು ಸ್ಪಷ್ಟ. ೧೯೩೮ರಲ್ಲಿ ಗ್ಲೋವರ್ ಎಂಬ ಆಂಗ್ಲ ವೈದ್ಯಾಧಿಕಾರಿಯು ಇಂಥದೇ ಸಂಗತಿಯನ್ನು ಹೊರಗೆಡಹಿದನು. ಹಾರ್ನ್ಸಿ ಎಂಬಲ್ಲಿ ಶಾಲಾ ವೈದ್ಯಾಧಿಕಾರಿಯು ಬದಲಾದೊಡನೆ ಈ ಶಸ್ತ್ರಕ್ರಿಯೆಗಳು ಹತ್ತರಲ್ಲೊಂದು ಪಾಲಿಗಿಳಿದುವು; ಅದರಿಂದ ಮಕ್ಕಳಿಗೆ ಕೆಡಕೇನೂ ಕಂಡುಬರಲಿಲ್ಲ.

ಹಾಗಾದರೆ ಶಸ್ತ್ರಕ್ರಿಯೆಯೇ ಬೇಡವೆ? ಹಾಗೆನ್ನುವುದು ಇನ್ನೊಂದು ತುದಿಯ ತಪ್ಪು. ಇಂದು ನಮ್ಮ ಬಡ ಮನೆಗಳಲ್ಲಿ ಅವಸರಕ್ಕಿಂತ ಉಪೇಕ್ಷೆಯೇ ಹೆಚ್ಚು ಹಾನಿಯನ್ನು ಮಾಡುತ್ತಿದೆಯೆಂದು ನಮಗೆ ತೋರುತ್ತದೆ. “ಗಾಢವಾದ ನಿದ್ದೆ, ಅಪ್ಪನ ಹಾಗೆಯೇ ಗೊರಕೆ” ಎಂದು ನಗುತ್ತ ಹೇಳುವ ತಾಯಿಗೆ, ಆ ಗೊರಕೆಯು ಗಾಢನಿದ್ದೆಯ ಗುರುತಲ್ಲ, ಉಸಿರಿಗಾಗಿ ನಡೆವ ಹೋರಾಟದ ಗುರುತಾಗಿರಬಹುದೆಂದು ಹೇಳುವವರಿಲ್ಲ. ಮಲಗಿದಾಗ ಗಂಟಲಿನ ಸ್ನಾಯುಗಳು ಸಡಿಲಾಗುತ್ತವೆ. ಹಿಗ್ಗಿದ ಗ್ರಂಥಿಗಳು ಉಸಿರಿನ ದಾರಿಗೆ ಅಡ್ಡವಾಗುತ್ತವೆ. ಕೆಲವು ಕ್ಷಣ ಉಸಿರು ನಿಂತು, ಮಗುವು ಬೆಚ್ಚಿ ಹೊರಳಿ ಮತ್ತೆ ಉಸಿರೆಳೆಯುತ್ತದೆ. ನೂರಕ್ಕೆ ಒಬ್ಬರಿಂದ ಐವರವರೆಗಿನ ಮಕ್ಕಳಲ್ಲಿ ಈ ಬಾಧೆಯುಂಟೆಂದು ವೈದ್ಯಶಾಸ್ತ್ರವು ಎಣಿಸಿದೆ. ಇಂತಹ ಮಗುವು ಬಾಯಿಂದಲೇ ಉಸಿರಾಡುತ್ತದೆ, ಹಾಸಿಗೆಯಲ್ಲಿ ಮೂತ್ರ ಮಾಡಿಕೊಳ್ಳುತ್ತದೆ, ಹಗಲಿನಲ್ಲಿ ರೇಗುತ್ತದೆ, ಪಾಠದಲ್ಲಿ ಮನಸ್ಸಿಡಲಾರದು. ಕೆಲವೊಮ್ಮೆ ತೂಕವೂ ಏರದು. ಉಪಾಧ್ಯಾಯರು ಅದನ್ನು ತುಂಟನೆಂದೋ ದಡ್ಡನೆಂದೋ ಕರೆಯುತ್ತಾರೆ, ಪೆಟ್ಟೂ ಬೀಳಬಹುದು. ಉಸಿರಿನ ದಾರಿ ಕಟ್ಟಿದುದಕ್ಕಾಗಿ ಕೂಸಿಗೆ ದಂಡನೆಯಾಗುವುದಕ್ಕಿಂತ ದೊಡ್ಡ ಅನ್ಯಾಯವುಂಟೆ?

ಈ ವಿಷಯದಲ್ಲಿ ಇತ್ತೀಚಿನ ಪರಿಶೋಧನೆಗಳು ಮಧ್ಯಮಾರ್ಗವನ್ನೇ ತೋರಿಸುತ್ತವೆ. ೨೦೧೩ರಲ್ಲಿ ಅಮೆರಿಕೆಯಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ನಿದ್ದೆಯಲ್ಲಿ ಉಸಿರು ಕಟ್ಟುವ ಐದರಿಂದ ಒಂಬತ್ತು ವರುಷದ ೪೬೪ ಮಕ್ಕಳನ್ನು ಎರಡು ಪಂಗಡ ಮಾಡಿ, ಒಂದಕ್ಕೆ ಬೇಗನೆ ಶಸ್ತ್ರಕ್ರಿಯೆ ಮಾಡಿದರು. ಇನ್ನೊಂದನ್ನು ಕಾದು ನೋಡಿದರು. ಏಳು ತಿಂಗಳ ಬಳಿಕ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೭೯ ಮಂದಿಯ ಉಸಿರಾಟವು ಸರಿಹೋಗಿತ್ತು. ನಡತೆಯೂ ನಿದ್ದೆಯೂ ಸುಧಾರಿಸಿದ್ದುವು. ಕಾದವರಲ್ಲಿಯೂ ೪೬ ಮಂದಿಗೆ ತಾನಾಗಿಯೇ ಗುಣವಾಗಿತ್ತು. ಆದುದರಿಂದ ಬಾಧೆ ತೀವ್ರವಾಗಿದ್ದಲ್ಲಿ ತಡಮಾಡಬಾರದು, ಸೌಮ್ಯವಾಗಿದ್ದಲ್ಲಿ ವೈದ್ಯರ ಕಣ್ಗಾವಲಿನಲ್ಲಿ ಕಾಯಬಹುದು. ಗ್ರಂಥಿಯ ಗಾತ್ರವನ್ನು ಮಾತ್ರ ನೋಡಿ ತೀರ್ಮಾನಿಸಲಾಗದು. ಮಗುವು ಹೇಗೆ ಮಲಗುತ್ತದೆಂಬುದನ್ನು ಕೇಳಬೇಕು.

ಮೇಲಿಂದ ಮೇಲೆ ಗಂಟಲು ನೋವು ಬರುವ ಮಕ್ಕಳ ವಿಚಾರ ಬೇರೆ. ವರುಷಕ್ಕೆ ಏಳು ಸಲ, ಇಲ್ಲವೆ ಎರಡು ವರುಷ ಸತತವಾಗಿ ಐದೈದು ಸಲ, ಇಲ್ಲವೆ ಮೂರು ವರುಷ ಮೂರು ಮೂರು ಸಲ ಜ್ವರಸಹಿತವಾದ ನೋವು ಬಂದಲ್ಲಿ ಮಾತ್ರ ಶಸ್ತ್ರಕ್ರಿಯೆಯನ್ನು ಯೋಚಿಸಬಹುದೆಂಬುದು ವೈದ್ಯರು ಒಪ್ಪಿದ ಅಳತೆ. ಗಂಟಲು ನೋವುಗಳಲ್ಲಿ ಹೆಚ್ಚಿನವು ವೈರಸ್ಸಿನಿಂದ ಬಂದವಾಗಿದ್ದು, ಅಂಗಡಿಯಿಂದ ತಂದ ಆಂಟಿಬಯಾಟಿಕ್ ಮಾತ್ರೆಯು ಅವಕ್ಕೆ ನಿಷ್ಪ್ರಯೋಜಕ. ಆದರೆ ಸ್ಟ್ರೆಪ್ಟೊಕಾಕಸ್ ಎಂಬ ರೋಗಾಣುವಿನಿಂದ ಬಂದುದಾದರೆ ಔಷಧವು ಅವಶ್ಯಕ. ನೋವಿಳಿಯಿತೆಂದು ವೈದ್ಯರು ಹೇಳಿದ ದಿನಗಳಿಗೆ ಮೊದಲೇ ನಿಲ್ಲಿಸಿದರೆ ಕೀಲುಗಳಿಗೂ ಹೃದಯದ ಕವಾಟಗಳಿಗೂ ಕೇಡು ತಟ್ಟಬಹುದು.

ತಂದೆತಾಯಿಗಳು ಮಾಡತಕ್ಕದ್ದು ಕಠಿಣವಾದುದೇನಲ್ಲ. ಮಗು ಮಲಗಿದ ಮೇಲೆ ಅರ್ಧ ಗಂಟೆ ಬಳಿಯಲ್ಲಿ ಕುಳಿತು ಅದರ ಉಸಿರನ್ನು ಆಲಿಸಿರಿ; ಕೈಯಲ್ಲಿರುವ ಮೊಬೈಲಿನಲ್ಲಿ ಅದನ್ನು ಚಿತ್ರೀಕರಿಸಿ ವೈದ್ಯರಿಗೆ ತೋರಿಸಿರಿ. ಮನೆಯೊಳಗೆ ಬೀಡಿ ಸಿಗರೇಟುಗಳ ಹೊಗೆ ಬೇಡ. ಕಿರುನಾಲಿಗೆ ಬಿದ್ದಿದೆಯೆಂದು ಗಂಟಲೊಳಗೆ ಬೆರಳು ಹಾಕಿ ಒತ್ತಿಸಬೇಡಿರಿ. ಬಾಯಿ ತೆರೆಯಲಾಗದಿದ್ದರೆ, ಜೊಲ್ಲು ಸುರಿಯುತ್ತಿದ್ದರೆ, ಉಸಿರಿಗೆ ತಿಣುಕುತ್ತಿದ್ದರೆ ಒಂದು ಕ್ಷಣವೂ ತಡೆಯದೆ ಆಸ್ಪತ್ರೆಗೆ ಹೋಗಿರಿ. ಒಂದೇ ಪಕ್ಕದ ಗ್ರಂಥಿ ಬೆಳೆಯುತ್ತಿದ್ದರೂ ತೋರಿಸತಕ್ಕದ್ದು. ಶಸ್ತ್ರಕ್ರಿಯೆಯಾದ ಬಳಿಕ ಮೊದಲ ದಿನವೂ, ಐದರಿಂದ ಹತ್ತನೆಯ ದಿನದವರೆಗೂ ರಕ್ತಸ್ರಾವದ ಭಯವುಂಟು. ಮಗು ಪದೇ ಪದೇ ಏನನ್ನೋ ನುಂಗುತ್ತಿದ್ದರೆ ಅದು ರಕ್ತವಾಗಿರಬಹುದು.

ಸರಕಾರಕ್ಕೂ ಒಂದು ಮಾತು. ೨೦೧೩ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಯೋಜನೆಯಂತೆ ಅಂಗನವಾಡಿಯ ಮಕ್ಕಳನ್ನು ವರುಷಕ್ಕೆರಡು ಸಲವೂ ಸರಕಾರಿ ಶಾಲೆಯ ಮಕ್ಕಳನ್ನು ಒಂದು ಸಲವೂ ವೈದ್ಯತಂಡವು ಪರೀಕ್ಷಿಸತಕ್ಕದ್ದು. ಹಲ್ಲು, ಕಿವಿ, ಹೃದಯಗಳ ರೋಗಗಳು ಆ ಪಟ್ಟಿಯಲ್ಲಿವೆ. “ನಿಮ್ಮ ಮಗು ರಾತ್ರಿ ಗೊರಕೆ ಹೊಡೆಯುತ್ತದೆಯೆ? ಉಸಿರು ನಿಂತಂತಾಗುತ್ತದೆಯೆ?” ಎಂಬೆರಡು ಪ್ರಶ್ನೆಗಳನ್ನು ತಾಯಂದಿರಿಗೆ ಕೇಳಲು ಯಂತ್ರವೂ ಬೇಡ, ಹಣವೂ ಬೇಡ. ಹೌದೆಂದವರಿಗೆ ಇಂದಿರಾನಗರದ ಸರ್ ಸಿ. ವಿ. ರಾಮನ್ ಆಸ್ಪತ್ರೆಗೋ ಶಿವಾಜಿನಗರದ ಬೌರಿಂಗ್ ಆಸ್ಪತ್ರೆಗೋ ಒಂದು ಚೀಟಿ ಬರೆದುಕೊಟ್ಟರೆ ಸಾಕು. ದಿನಗೂಲಿಯನ್ನು ಬಿಟ್ಟು ಬರಬೇಕಾದ ತಾಯಿಗೆ ಎಲ್ಲಿಗೆ, ಯಾವ ದಿನ ಹೋಗಬೇಕೆಂದು ಖಚಿತವಾಗಿ ತಿಳಿಯುವುದೇ ಅರ್ಧ ಚಿಕಿತ್ಸೆ.

ದೇಶದ ಭವಿಷ್ಯವು ಮಕ್ಕಳೆಂದು ನಾವು ವೇದಿಕೆಗಳ ಮೇಲೆ ಹೇಳುತ್ತಲೇ ಬಂದಿದ್ದೇವೆ. ಆ ಮಕ್ಕಳು ರಾತ್ರಿ ನೆಮ್ಮದಿಯಾಗಿ ಉಸಿರಾಡುತ್ತಿದ್ದಾರೆಯೆ ಎಂದು ಒಮ್ಮೆ ಕಿವಿಗೊಟ್ಟು ಕೇಳುವುದು ಆ ಮಾತಿಗೆ ನಾವು ಸಲ್ಲಿಸತಕ್ಕ ಮೊದಲ ಗೌರವ.