ಗ್ಲಿಸರಿನ್ ಅಲ್ಲ ಗುರುವೇ, ಹೊಗೆ!

ಪಂಢರಿಬಾಯಿ ತೆರೆಯ ಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡರೆ ಥಿಯೇಟರಿಗೆ ಥಿಯೇಟರೇ ಮೂಗು ಸುರಿಸುತ್ತಿತ್ತು. ಮನೆಯಲ್ಲಿ ಅಮ್ಮ ದಿನಾ ಒಲೆ ಮುಂದೆ ಕಣ್ಣೊರೆಸಿಕೊಳ್ತಾರಲ್ಲ, ಅದು ಗ್ಲಿಸರಿನ್ ಅಲ್ಲ!

ನಮ್ಮ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ತಮಾಷೆ ನೋಡಿ. ಹೊಗೆಸೊಪ್ಪು ಬೇಯಿಸುವ ಬ್ಯಾರನ್ನಿಗೆ ಬೆಂಕಿ ಹೊರಗಿನಿಂದ, ಶಾಖ ಕೊಳವೆಯಲ್ಲಿ, ಹೊಗೆ ಸೀದಾ ಆಕಾಶಕ್ಕೆ! ಎಲೆಗೆ ಹೊಗೆ ಸೋಕಬಾರದು. ಅಡುಗೆಮನೆಗೆ ಮಾತ್ರ ಆ ಭಾಗ್ಯವಿಲ್ಲ. ಗ್ಯಾಸ್ ಬಂದ ಮನೆಯಲ್ಲೂ ಮುದ್ದೆಗೆ, ಸ್ನಾನದ ನೀರಿಗೆ ಸೌದೆ ಉರಿಯುವುದುಂಟು.

ಅಡುಗೆಮನೆ ರಿಪೇರಿಗೆ ಕೈಯಲ್ಲಿ ನಾಲ್ಕು ಕಾಸಿದ್ದರೆ ಮೊದಲ ಖರ್ಚು ಒಲೆಗೆ ಅಂತೀನಿ ನಾನು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ 1974ರಲ್ಲಿ ಹಳ್ಳಿಗಳಿಗಾಗಿ ‘ಅಸ್ತ್ರ’ ಅನ್ನೋ ಕೇಂದ್ರ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳು 1980ರ ದಶಕದಲ್ಲಿ ಕೊಟ್ಟದ್ದೇ ‘ಅಸ್ತ್ರ ಒಲೆ’. ಹೆಸರು ಕೇಳಿ ಫೈಟಿಂಗ್ ಅಂದ್ಕೋಬೇಡಿ! ಮೂರು ಪಾತ್ರೆಗೆ ಜಾಗ, ಒಳಗೆ ಗಾಳಿಯಾಡುವ ಜಾಲರಿ, ಹಿಂದೆ ಹೊಗೆಕೊಳವೆ. ಮೊದಲ ಪಾತ್ರೆಯಲ್ಲಿ ಮುದ್ದೆಯ ಎಸರು, ಎರಡನೆಯದರಲ್ಲಿ ಸಾರು, ಹೊರಟುಹೋಗುವ ಬಿಸಿಯಲ್ಲಿ ನೀರು. ಸೌದೆಯೂ ಕಡಿಮೆ. ಒಲೆಗೆ ಮಣ್ಣು, ಇಟ್ಟಿಗೆ ಸಾಕು. ದುಡ್ಡು ಹೋಗೋದು ಕೊಳವೆ, ಜಾಲರಿ, ಕೆಲಸ ಬಲ್ಲ ಮೇಸ್ತ್ರಿಯ ಕೂಲಿಗೆ. ಆ ಕೂಲಿಯಲ್ಲಿ ಜಿಪುಣತನ ಬೇಡ, ಅಳತೆ ತಪ್ಪಿದರೆ ಹೊಗೆ ವಾಪಸ್! ಕೊಳವೆಯ ಮಸಿ ಆಗಾಗ ತೆಗೀಬೇಕು, ಆ ಪಾರ್ಟು ನಿಮ್ಮದು.

ಉಳಿದ ದುಡ್ಡಲ್ಲಿ ಬೆಳಕಿಗೆ ಎರಡು ಗಾಜಿನ ಹೆಂಚು, ನಿಂತು ಕೆಲಸ ಮಾಡೋಕೆ ಕಡಪ ಕಲ್ಲು. ಟೈಲ್ಸು, ಗ್ರಾನೈಟು ಮುಂದಿನ ವರ್ಷ ಸೊಪ್ಪು ಮಾರಿದ ಮೇಲೆ ನೋಡೋಣ. ಹ್ಞಾಂ, ಕಲ್ಲು ಎಷ್ಟೆತ್ತರ ಇರಬೇಕು ಅಂತ ಮೇಸ್ತ್ರೀನ ಕೇಳಬೇಡಿ, ಅಮ್ಮನ್ನ ಕೇಳಿ.